ಕಂಡವರೇ ಬರೆಯಬೇಕು

ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಮಗಳು ಮತ್ತೆ ಬೀದಿಯ ಕಡೆ ನೋಡಿದಳು. ಒಂದು ನರಪಿಳ್ಳೆಯೂ ಇಲ್ಲ. ಪಕ್ಕದ ಮನೆಗೆ ಬೀಗ. ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟ ಅಮ್ಮ ಒಳಗೆ ಮಲಗಿದ್ದಳು. ಮಧ್ಯಾಹ್ನಕ್ಕೆ ಗಾಡಿ ಬರುತ್ತದೆ.

"ಬೆಳಿಗ್ಗೇನೇ ಗುಂಪಿಗೆ ಹಾಕಿದೀನಿ," ಎಂದ ತಮ್ಮ. "ಜೀವನಪೂರ್ತಿ ಎಲ್ಲರ ಬಾಯಿ ಮುಚ್ಚಿಸಿದ್ಲಲ್ಲ, ಈಗ ಯಾರು ಬರ್ತಾರೆ?"

ಮಗಳು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟಳು. ಬಡಾವಣೆಯ ವಾಟ್ಸಾಪ್ ಗುಂಪನ್ನು ಮಗುವಿನಂತೆ ಸಾಕಿದವಳು, ಹೇಳುವವರು ಕೇಳುವವರಿಲ್ಲದೆ ಹೋಗಬೇಕೆ?

*

ಒಮ್ಮೆ, ಮೂಲೆಯಂಗಡಿಯ ದರ್ಜಿ ಸತ್ತನೆಂದು ಗುಂಪಿನಲ್ಲಿ ಸುದ್ದಿ ಬಂತು. ನೋಡನೋಡುತ್ತ ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ಅಮ್ಮ ಒಬ್ಬಳೇ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದಳು. ದರ್ಜಿ ಗುಂಡಿ ಹೊಲಿಯುತ್ತ ಕೂತಿದ್ದ.

"ಯಾವಾಗಪ್ಪಾ ಸತ್ತಿದ್ದು?"

"ಇನ್ನೂ ಪುರಸೊತ್ತಾಗಿಲ್ಲ ಅಕ್ಕಾ."

ಅಂದಿನಿಂದ ಅಮ್ಮನ ಕಟ್ಟಪ್ಪಣೆ: ಕಣ್ಣಾರೆ ಕಂಡವರೇ ಬರೆಯಬೇಕು. ಯಾರು ಏನೇ ಹಾಕಲಿ, "ಯಾರು ನೋಡಿದ್ದು?" ಎಂಬ ಅವಳ ಪ್ರಶ್ನೆ ಬೆನ್ನಿಗೇ ಬರುತ್ತಿತ್ತು. ಜನ 'ಪೊಲೀಸಮ್ಮ' ಎಂದು ಆಡಿಕೊಂಡರು. ಆಡಿಕೊಳ್ಳಲಿ! ಸುಳ್ಳುಸುದ್ದಿಗೆ ಸುತ್ತಲೆಲ್ಲ ಹೊತ್ತಿ ಉರಿದ ವರ್ಷವೂ ಈ ಬೀದಿಯಲ್ಲಿ ಒಂದು ಕಲ್ಲು ಹಾರಲಿಲ್ಲ.

*

ಗೇಟು ಸದ್ದಾಯಿತು. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ದರ್ಜಿ ಏದುಸಿರು ಬಿಡುತ್ತ ನಿಂತಿದ್ದ.

"ನೋಡಮ್ಮಾ, ಅಕ್ಕನ ಫೋನು ಯಾರೋ ಕದ್ದಿದಾರೆ. ಅಕ್ಕ ತೀರ್ಕೊಂಡ್ರು ಅಂತ ಅಕ್ಕನ ಫೋನಿಂದಾನೇ ಹಾಕಿದಾರೆ! ಯಾರೂ ನಂಬ್ಬೇಡಿ, ನೋಡ್ಕೊಂಡ್ ಬರ್ತೀನಿ ಅಂತ ಎಲ್ಲರಿಗೂ ಹೇಳಿ ಬಂದೆ."

ಮಗಳು ತಮ್ಮನ ಕಡೆ ತಿರುಗಿದಳು. "ಅಮ್ಮನ ಫೋನಿಂದ ಹಾಕಿದ್ಯೇನೋ?"

"ಇನ್ನೇನ್ಮಾಡ್ಲಿ? ಬಂದಿದ್ದೆಲ್ಲ ಹಾಗೇ ಕಳಿಸ್ತೀಯ ಅಂತ ನನ್ನನ್ನ ಗುಂಪಿಂದ ತೆಗೆದುಹಾಕಿದ್ಲಲ್ಲ!"

ಮಗಳು ದರ್ಜಿಯನ್ನು ಒಳಗೆ ಕರೆದೊಯ್ದಳು. ಅವನು ಬಹಳ ಹೊತ್ತು ಆ ಮುಖವನ್ನೇ ನೋಡಿ ಗೊಳೋ ಎಂದು ಅತ್ತ.

"ನಾನು ಬದುಕಿದೀನಾ ಅಂತ ನೋಡೋಕೆ ಬಂದವರು ಇವರೊಬ್ಬರೇ ಕಣಮ್ಮಾ."

ಆಮೇಲೆ ಕಣ್ಣೊರೆಸಿಕೊಂಡು, ಫೋನು ತೆಗೆದು ಒಂದೊಂದೇ ಅಕ್ಷರ ಒತ್ತಿದ: ನಾನು ನೋಡಿದೆ.

ಸ್ವಲ್ಪ ಹೊತ್ತಿಗೆಲ್ಲ ಬೀದಿ ಕಿಕ್ಕಿರಿಯಿತು. ಕುರ್ಚಿ ಸಾಲಲಿಲ್ಲ. ನರ್ಸು ಬಂದಳು, ಬಸ್ಸಿನ ಡ್ರೈವರು ಬಂದ, ಗುಂಪಿನಲ್ಲಿ ಅಮ್ಮನೊಡನೆ ಹಾವು ಮುಂಗುಸಿಯಂತಿದ್ದ ಮೇಷ್ಟ್ರೂ ಮೂಗೊರೆಸುತ್ತ ಬಂದರು. ಒಬ್ಬೊಬ್ಬರೇ ಮುಖ ನೋಡಿ, ಹೊರಗೆ ಹೋಗಿ ಫೋನು ತೆಗೆಯುತ್ತಿದ್ದರು.

"ಅಮ್ಮನ ಫೋನು ಆಫ್ ಮಾಡ್ಲಾ?" ತಮ್ಮ ತಗ್ಗಿದ ದನಿಯಲ್ಲಿ ಕೇಳಿದ.

"ಇರ್ಲಿ ಬಿಡೋ."

ದಿಂಬಿನ ಪಕ್ಕದಲ್ಲಿ ಅದು ಹೊತ್ತಿಕೊಳ್ಳುತ್ತಲೇ ಇತ್ತು. ನಾನು ನೋಡಿದೆ. ನಾನೂ ನೋಡಿದೆ. ನಾನೂ ನೋಡಿದೆ.