ಕಿಲೋಗೆ ಎಷ್ಟು ಬೀಳುತ್ತೆ

ಹಳೇ ಮದ್ರಾಸ್ ರಸ್ತೆಯಲ್ಲಿ, ಕೆ.ಆರ್. ಪುರಕ್ಕಿಂತ ಸ್ವಲ್ಪ ಈಚೆ ಇದ್ದ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಶ್ರೀಕಂಠಯ್ಯನವರು ಖರೀದಿ ವಿಭಾಗದ ಮುಖ್ಯಸ್ಥರು. ಗುಂಡುಸೂಜಿಯಿಂದ ಹಿಡಿದು ಕ್ಯಾಂಟೀನಿನ ರವೆಯವರೆಗೆ ಅವರ ಕೈ ದಾಟದೆ ಒಂದು ವಸ್ತುವೂ ಗೇಟಿನೊಳಗೆ ಬರುತ್ತಿರಲಿಲ್ಲ. ನಾಲ್ಕು ಕಡೆ ದರ ಕೇಳುವುದು, ಕಡಿಮೆ ಹೇಳಿದವನಿಗೆ ಆರ್ಡರು ಕೊಡುವುದು, ಇಷ್ಟೇ ಅವರ ವೇದಾಂತ. ಹೀಗೆ ಕೊಂಡ ಛತ್ರಿಗಳ ಕೆಳಗೆ ಕಾವಲುಗಾರರು ತೊಯ್ದು ತೊಪ್ಪೆಯಾದರು; ಹೀಗೆ ಕೊಂಡ ಗೋಂದಿಗೆ ಒಂದು ಲಕೋಟೆಯೂ ಅಂಟಲಿಲ್ಲ. ಆದರೆ ಆಡಿಟ್‌ನವರು ಯಾವತ್ತೂ ತಕರಾರು ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಪುಣ್ಯ ಬೇರೆ ಯಾವುದಿದೆ?

೧೯೭೨ರಲ್ಲಿ ಜನರಲ್ ಮ್ಯಾನೇಜರ್ ಸಾಹೇಬರು ದಿಲ್ಲಿಗೆ ಹೋಗಿ ಬಂದವರೇ ಕಾರ್ಖಾನೆಗೊಂದು ಕಂಪ್ಯೂಟರು ಬೇಕೆಂದರು. ಯಾವ ಕೆಲಸಕ್ಕೆ ಎಂದು ಯಾರೂ ಕೇಳಲಿಲ್ಲ. ವಿಮಾನಪುರದ ಕಡೆ ಯಾರೋ ತರಿಸುತ್ತಿದ್ದಾರಂತೆ ಎಂಬ ಸುದ್ದಿಯೇ ಸಾಕಾಗಿತ್ತು. ಕೂಡಲೇ ಒಂದು ಸಮಿತಿಯಾಯಿತು. ಫ್ರೇಜರ್ ಟೌನಿನ ಸುರಯ್ಯಾ ಎಂಬ ಹುಡುಗಿ ಬೊಂಬಾಯಿಯಲ್ಲಿ ಕಂಪ್ಯೂಟರಿನ ಮೇಲೆ ಕೆಲಸ ಮಾಡಿ ಬಂದು ಹೊಸದಾಗಿ ಸೇರಿದ್ದಳು. ಇಡೀ ಕಾರ್ಖಾನೆಯಲ್ಲಿ ಆ ಯಂತ್ರವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಆದ್ದರಿಂದ ಅವಳನ್ನು ಸಮಿತಿಗೆ ಸೇರಿಸಿಕೊಳ್ಳಲು ಯಾರಿಗೂ ಧೈರ್ಯವಾಗಲಿಲ್ಲ. ಹಿಂದೆ ಕೂತು ನಡಾವಳಿ ಬರೆದುಕೊಳ್ಳಲು ಹೇಳಿದರು.

ಕೊನೆಗೆ ಕಣದಲ್ಲಿ ಉಳಿದದ್ದು ಎರಡು ಕಂಪನಿ. ಅಮೆರಿಕದ ಗ್ಯಾರಿಸನ್‌ನವರ ಪರವಾಗಿ ಟೈ ಕಟ್ಟಿದ ಕೃಷ್ಣಸ್ವಾಮಿ. ಇಂಗ್ಲೆಂಡಿನ ಹಾಲ್‌ಬ್ರುಕ್‌ನವರ ಪರವಾಗಿ ಶಿವಾಜಿನಗರದ ಅಹ್ಮದ್ ಪಾಷಾ. ಸಾಹೇಬರನ್ನು ಕೃಷ್ಣಸ್ವಾಮಿ ಬ್ರಿಗೇಡ್ ರೋಡಿಗೆ ಊಟಕ್ಕೆ ಕರೆದುಕೊಂಡು ಹೋದರೆ, ಮರುದಿನವೇ ಪಾಷಾ ಇಡೀ ಸಮಿತಿಗೆ ಬಿರಿಯಾನಿ ತರಿಸುತ್ತಿದ್ದ. ಮಾಂಸ ಮುಟ್ಟದ ಶ್ರೀಕಂಠಯ್ಯನವರಿಗೆ ಮಾತ್ರ ಒಂದು ಚಿಪ್ಪು ಬಾಳೆಹಣ್ಣು.

ಬೆಲೆ ಹೋಲಿಸಲು ಕೂತಾಗಲೇ ಶ್ರೀಕಂಠಯ್ಯನವರಿಗೆ ತಲೆ ತಿರುಗಿದ್ದು. ಒಬ್ಬನದು ತಿಂಗಳ ಬಾಡಿಗೆ, ಅದೂ ಡಾಲರಿನಲ್ಲಿ. ಇನ್ನೊಬ್ಬನದು ಪೂರ್ತಿ ಕ್ರಯ, ಪೌಂಡಿನಲ್ಲಿ. ಒಬ್ಬ ಮುದ್ರಿಸುವ ಯಂತ್ರವನ್ನು ಸೇರಿಸಿದ್ದ, ಕಾರ್ಡು ಓದುವ ಯಂತ್ರವನ್ನು ಬಿಟ್ಟಿದ್ದ. ಇನ್ನೊಬ್ಬ ಅದನ್ನು ಸೇರಿಸಿ ಇದನ್ನು ಬಿಟ್ಟಿದ್ದ. ಇಬ್ಬರದನ್ನೂ ಹೇಗೋ ಸರಿದೂಗಿಸಿ ತಂದರೆ, ಅಷ್ಟರಲ್ಲಿ ಇಬ್ಬರೂ ಹೊಸ ದರ ಕಳಿಸುತ್ತಿದ್ದರು.

"ಸರ್, ನಮ್ಮ ಸಂಬಳದ ಲೆಕ್ಕಾನ ಎರಡೂ ಮೆಷಿನ್‌ಗೂ ಕೊಟ್ಟು ನೋಡೋಣ," ಅಂದಳು ಸುರಯ್ಯಾ. "ಯಾವುದು ಎಷ್ಟು ಬೇಗ ಮುಗಿಸುತ್ತೆ, ಅದಕ್ಕೆ ಖರ್ಚೆಷ್ಟು ಅಂತ ಗೊತ್ತಾಗುತ್ತೆ."

ಮಾತು ಶ್ರೀಕಂಠಯ್ಯನವರಿಗೆ ಸರಿಯೆನಿಸಿತು. ಸಮಿತಿಯ ಮುಂದಿಟ್ಟರು. ಸಂಬಳದ ವಿವರ ಗೋಪ್ಯವಾದದ್ದು, ಅದನ್ನು ಯಂತ್ರಕ್ಕೆ ತಿಳಿಸುವಂತಿಲ್ಲ ಎಂದು ಹಣಕಾಸಿನ ಅಧಿಕಾರಿ ತಳ್ಳಿಹಾಕಿದರು.

ಮುಂದಿನ ಸಭೆಯಲ್ಲಿ ಸಾಹೇಬರು ರೇಗಿದರು. "ಏನ್ರೀ ಶ್ರೀಕಂಠಯ್ಯ, ಬದನೇಕಾಯಿಗೆ ಒಂದೇ ಒಂದು ದರ ತರ್ತೀರಿ. ಇದಕ್ಕೇನ್ರೀ ರೋಗ? ನಂಗೆ ಒಂದು ಅಂಕಿ ಬೇಕು, ಒಂದೇ!"

ಆರು ತಿಂಗಳ ಸಿಟ್ಟು ಶ್ರೀಕಂಠಯ್ಯನವರ ನಾಲಿಗೆಗೆ ಬಂತು. "ಹಾಗಾದ್ರೆ ತಕ್ಕಡಿಗೆ ಹಾಕ್ಬಿಡೋಣ ಸಾರ್. ಕಿಲೋಗೆ ಎಷ್ಟು ಬೀಳುತ್ತೆ ಅಂತ ನೋಡಿದ್ರಾಯ್ತು."

ಹೇಳಿದ ಮೇಲೆ ಭಯವಾಯಿತು. ಸಸ್ಪೆಂಡ್ ಆದರೆ ಹೆಂಡತಿ ಅಲಮೇಲುವಿಗೆ ಏನು ಹೇಳುವುದು? ಸಾಹೇಬರು ಪೈಪನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಎಕ್ಸಲೆಂಟ್! ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

ಸಮಿತಿಯವರೆಲ್ಲ ತಮಗೂ ಇದೇ ಹೊಳೆದಿತ್ತೆಂಬಂತೆ ತಲೆಯಾಡಿಸಿದರು. ಹಿಂದೆ ಸುರಯ್ಯಾಳ ಪೆನ್ನು ನಿಂತುಹೋಯಿತು. ತಮಾಷೆಗೆ ಅಂದೆ ಎನ್ನಲು ಶ್ರೀಕಂಠಯ್ಯ ಬಾಯಿ ತೆರೆದರು. ಹಾಗಂದುಬಿಟ್ಟರೆ ಮತ್ತೆ ಡಾಲರು, ಮತ್ತೆ ಪೌಂಡು, ಮತ್ತೆ ಬಾಳೆಹಣ್ಣು. ಬಾಯಿ ಮುಚ್ಚಿಕೊಂಡರು.

ಆ ಸಂಜೆ ಹಲಸೂರಿನ ಮನೆಯಲ್ಲಿ ವಿಷಯ ಕೇಳಿ ಅಲಮೇಲು ಕಾಫಿ ಲೋಟ ಹಿಡಿದು ಹಾಗೇ ನಿಂತಳು. "ಅಲ್ಲಾಂದ್ರೆ, ಅದೇನು ಕುಂಬಳಕಾಯಿನೇ ತೂಗಿ ತರೋಕೆ?"

"ಕುಂಬಳಕಾಯಿ ಆಗಿದ್ರೆ ಹುಳಿನಾದ್ರೂ ಮಾಡ್ಬಹುದಿತ್ತು," ಅಂದರು ಶ್ರೀಕಂಠಯ್ಯ.

ಕಂಪನಿಗಳಿಗೆ ಸುದ್ದಿ ಮುಟ್ಟಲು ಒಂದು ಮಧ್ಯಾಹ್ನ ಸಾಕಾಯಿತು. ಅದುವರೆಗೆ ತಮ್ಮ ಯಂತ್ರ ಎಷ್ಟು ಚುರುಕು ಎನ್ನುತ್ತಿದ್ದವರು ಈಗ ಎಷ್ಟು ಭಾರ ಎನ್ನತೊಡಗಿದರು. ಕೃಷ್ಣಸ್ವಾಮಿ ಉಕ್ಕಿನ ಮೇಜೊಂದನ್ನು ಸೇರಿಸಿದ. ಪಾಷಾ ಎರಕದ ಪೀಠ ಸೇರಿಸಿ, "ಸಾಬ್, ನಮ್ದು ಭೂಕಂಪ ಆದ್ರೂ ಅಲ್ಲಾಡಲ್ಲ!" ಅಂದ. ಗ್ಯಾರಿಸನ್‌ನವರು ಕಬ್ಬಿಣದ ಬೀರು ಕೊಟ್ಟರೆ, ಹಾಲ್‌ಬ್ರುಕ್‌ನವರು ಬೀರುವಿನ ಜೊತೆಗೆ ಡೀಸೆಲ್ ಜನರೇಟರೊಂದನ್ನು ತೂಕಕ್ಕೆ ಹಾಕಿದರು. ಕೊನೆಗೆ ಕಿಲೋ ಲೆಕ್ಕದಲ್ಲಿ ಪಾಷಾನೇ ಅಗ್ಗವಾದ. ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕಿದರು.

ಯಂತ್ರ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಹೊರಟಿತು. ಕೆ.ಆರ್. ಪುರದ ಹತ್ತಿರ ಅಚ್ಚು ಮುರಿದು ಲಾರಿ ರಸ್ತೆಗಡ್ಡ ಕೂತಿತು. ಕೋಲಾರದ ಬಸ್ಸುಗಳೆಲ್ಲ ಸಾಲುಗಟ್ಟಿ ನಿಂತವು. ಹೇಗೋ ಕಾರ್ಖಾನೆ ಮುಟ್ಟಿಸಿದರೆ ಬಾಗಿಲಲ್ಲಿ ಹಿಡಿಸಲಿಲ್ಲ, ಗೋಡೆ ಒಡೆದರು. ಮಹಡಿಯ ಮೇಲಿಟ್ಟರೆ ನೆಲ ಕುಸಿಯುತ್ತದೆಂದು ಇಂಜಿನಿಯರುಗಳು ಎಚ್ಚರಿಸಿದ್ದರಿಂದ ಕೆಳಗಿದ್ದ ಕ್ಯಾಂಟೀನನ್ನೇ ಎತ್ತಂಗಡಿ ಮಾಡಿದರು. ಆಮೇಲೆ ಸಾಗಾಣಿಕೆ ಬಿಲ್ಲು ಬಂತು. ಹಡಗಿನವರೂ ಲಾರಿಯವರೂ ಬಾಡಿಗೆ ಹಾಕಿದ್ದು ಕಿಲೋ ಲೆಕ್ಕದಲ್ಲೇ. ಉಳಿಸಿದ್ದೆಲ್ಲ ಅಲ್ಲಿಗೆ ಹೋಗಿ, ಮೇಲೆ ಇನ್ನಷ್ಟು ಬಿತ್ತು. ಆಡಿಟ್‌ನವರು ನೋಡಿದರು. ತಕರಾರೆತ್ತಲಿಲ್ಲ. ಸಾಗಾಣಿಕೆ ಖರ್ಚು ಬರೆಯುವುದು ಬೇರೆ ಲೆಕ್ಕದಲ್ಲಂತೆ.

ಶ್ರೀಕಂಠಯ್ಯನವರಿಗೆ ಬಡ್ತಿಯಾಯಿತು. ಕಂಪ್ಯೂಟರಿನ ಕೋಣೆಗೆ ಹಾಕಿದ ತಂಪು ಗಾಳಿಗೆ ಹಿರಿಯ ಅಧಿಕಾರಿಗಳೆಲ್ಲ ಒಬ್ಬೊಬ್ಬರಾಗಿ ಕುರ್ಚಿ ತಂದುಹಾಕಿಕೊಂಡರು. ಸುರಯ್ಯಾ ಅವರ ಕಾಲುಗಳ ನಡುವೆ ನುಸುಳಿ ಕೆಲಸ ಮಾಡಬೇಕಾಗಿತ್ತು. ಆದರೂ ಅವಳು ಆ ಯಂತ್ರದಿಂದ ಸಂಬಳದ ಲೆಕ್ಕ ತೆಗೆಸಿದಳು. ನಿಜ ಹೇಳಬೇಕೆಂದರೆ ಅದೇನು ಕೆಟ್ಟ ಯಂತ್ರವಾಗಿರಲಿಲ್ಲ.

ಮರುವರ್ಷ ವಿಮಾನಪುರದಲ್ಲಿ ಸುತ್ತಮುತ್ತಲ ಕಾರ್ಖಾನೆಗಳ ಖರೀದಿ ಅಧಿಕಾರಿಗಳ ಸಮಾವೇಶ. 'ವೈಜ್ಞಾನಿಕ ಬೆಲೆ ಹೋಲಿಕೆ' ಕುರಿತು ಮಾತಾಡಲು ಶ್ರೀಕಂಠಯ್ಯನವರಿಗೇ ಕರೆ ಬಂತು. ಹೊರಡುವ ಮುನ್ನ ಸುರಯ್ಯಾ ಹತ್ತಿರ ಬಂದು ನಿಂತಳು.

"ಸರ್, ಅಲ್ಲಾದ್ರೂ ನಿಜ ಹೇಳ್ಬಿಡಿ. ಪಾಪ, ಇನ್ನೊಂದು ಕ್ಯಾಂಟೀನ್ ಉಳಿಯುತ್ತೆ."

ಬಸ್ಸಿನಲ್ಲಿ ಕೂತು ಅವರು ಅದನ್ನೇ ಯೋಚಿಸಿದರು. ವೇದಿಕೆ ಹತ್ತಿ, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತರು. ಹೇಳಿಯೇ ಬಿಟ್ಟರು: "ಸ್ವಾಮಿ, ನಾನು ಅವತ್ತು ರೇಗಿ ಹೋಗಿ ತಮಾಷೆಗೆ ಅಂದ ಮಾತು ಅದು. ಕಂಪ್ಯೂಟರನ್ನ ಯಾರಾದ್ರೂ ತೂಗಿ ಕೊಳ್ತಾರಾ?"

ಸಭೆಯಲ್ಲಿ ನಗು, ಅದರ ಹಿಂದೆ ಚಪ್ಪಾಳೆ. ಎಷ್ಟು ವಿನಯ ನೋಡಿ ಎಂದು ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲೇ ಕೇಳಿಸಿತು. ಶ್ರೀಕಂಠಯ್ಯ ಇನ್ನೊಮ್ಮೆ ಹೇಳಿದರು. ಇನ್ನಷ್ಟು ಜೋರು ಚಪ್ಪಾಳೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ದಪ್ಪ ಕನ್ನಡಕದ ಅಧಿಕಾರಿ ಎದ್ದು ನಿಂತು ವಿನಯದಿಂದ ಕೇಳಿದ: "ಸಾರ್, ಒಂದು ಅನುಮಾನ. ತೂಕ ಅಂದ್ರೆ, ಪ್ಯಾಕಿಂಗಿನ ಮರದ ಪೆಟ್ಟಿಗೆ ಸೇರಿಸಿಯೋ, ಬಿಟ್ಟೋ?"

ಶ್ರೀಕಂಠಯ್ಯನವರು ಕತ್ತಿನ ಹಾರವನ್ನು ಸರಿಮಾಡಿಕೊಂಡರು. ನೀರು ಕುಡಿದರು.

"ಬಿಟ್ಟು," ಅಂದರು.

ಎಲ್ಲರೂ ಬರೆದುಕೊಂಡರು.