ಸುಷ್ಮಾಳ ಇಂಟರ್‌ವ್ಯೂಗೆ ಮನೆಯವರೆಲ್ಲ ತಯಾರಾದದ್ದು

ಸೊಸೆ ಸುಷ್ಮಾ ನರ್ಸಿಂಗ್ ಹೋಮೊಂದರ ಇಂಟರ್‌ವ್ಯೂ ಮುಗಿಸಿಕೊಂಡು ಸಪ್ಪೆ ಮುಖದಲ್ಲಿ ಮನೆಗೆ ಬಂದ ದಿನ ಶಿವಲಿಂಗಯ್ಯನವರಿಗೆ ಒಳಗೊಳಗೇ ಸಮಾಧಾನವಾಯಿತು. ಬಾಯಲ್ಲಿ ಮಾತ್ರ, "ಹೋಗ್ಲಿ ಬುಡಮ್ಮ, ನಮಗೆ ಅದರ ಋಣ ಇಲ್ಲ ಅಂದ್ಕೊ" ಅಂದರು. ಸುಷ್ಮಾ ಸೀರೆ ಬದಲಾಯಿಸಿ ಅಡುಗೆಮನೆಗೆ ಹೋದಳು. ಪುಟ್ಟ ಮಗಳು ಗಗನ ಅಮ್ಮನ ಸೆರಗು ಹಿಡಿದುಕೊಂಡು ಹಿಂದೆಯೇ ಹೋದಳು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಬೆಲ್ಲದ ಮಂಡಿಗಳ ಹಿಂದಿನ ಗಲ್ಲಿಯಲ್ಲಿ ಅವರ ಬಾಡಿಗೆ ಮನೆ. ಶಿವಲಿಂಗಯ್ಯನವರ ಮಗ ಚಂದ್ರಮೌಳಿ ಹತ್ತಿರದ ಅಚ್ಚುಕೂಟವೊಂದರಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಅದು ಎರಡು ಸಾವಿರದ ಎರಡನೇ ಇಸವಿ. ಲಗ್ನಪತ್ರಿಕೆ, ರಸೀತಿ, ಕರಪತ್ರ ಎಲ್ಲವೂ ಕಂಪ್ಯೂಟರಿನಲ್ಲೇ ಆಗತೊಡಗಿ, ಮೊಳೆ ಜೋಡಿಸುವವರನ್ನು ಕೇಳುವವರೇ ಇಲ್ಲದಂತಾಯಿತು. ಯುಗಾದಿಗೆ ಮೊದಲೇ ಯಜಮಾನರು ಅಚ್ಚುಕೂಟದ ಬಾಗಿಲು ಹಾಕಿದರು. ಚಂದ್ರಮೌಳಿ ತಾನೂ ಕಂಪ್ಯೂಟರ್ ಕಲಿಯಲು ಸೇರಿಕೊಂಡ. ಆದರೆ ಅವನು ಕಲಿತು ಕೆಲಸ ಹಿಡಿಯುವವರೆಗೆ ಮನೆ ನಡೆಯಬೇಕಲ್ಲ?

ಸುಷ್ಮಾ ಮದುವೆಗೆ ಮುಂಚೆ ಪ್ರಾಕ್ಟಿಕಲ್ ನರ್ಸ್ ತರಬೇತಿ ಮುಗಿಸಿದ್ದಳು. ದೊಡ್ಡ ಸಿಸ್ಟರುಗಳ ಕೈಕೆಳಗೆ ರೋಗಿಗಳ ಆರೈಕೆ ಮಾಡುವ ಕೆಲಸ ಅದು. ಸರ್ಟಿಫಿಕೇಟು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಮಲಗಿತ್ತು. ಅದನ್ನು ಈಚೆಗೆ ತೆಗೆದು ಅವಳು ಅರ್ಜಿ ಹಾಕಿದಾಗ ಶಿವಲಿಂಗಯ್ಯನವರು ಬೇಡ ಅನ್ನಲಿಲ್ಲ. ಆದರೆ ಆಗಲಿ ಅಂತಲೂ ಅನ್ನಲಿಲ್ಲ. ಕಂಡವರ ಮೈ ತೊಳೆಯುವ ಕೆಲಸ, ಅದರ ಮೇಲೆ ರಾತ್ರಿ ಪಾಳಿ ಬೇರೆ. ಮಠದ ವಿದ್ಯಾರ್ಥಿನಿಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಅವರು. ನಾಲ್ಕು ಜನ ಏನಂತಾರೆ ಎಂಬ ಯೋಚನೆ ಅವರನ್ನು ಬಿಟ್ಟಿರಲಿಲ್ಲ.

ಆ ಸಂಜೆ ಪಕ್ಕದ ಮನೆಯ ಅಂಬುಜಮ್ಮ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ರಿಟೈರ್ ಆದವರು. ಗಲ್ಲಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಕೇಳುವುದು ಅವರನ್ನೇ. ಸುಷ್ಮಾಳನ್ನು ಕೂರಿಸಿಕೊಂಡು ಏನೇನು ಕೇಳಿದರು, ನೀನೇನು ಹೇಳಿದೆ ಅಂತ ನಿಧಾನವಾಗಿ ವಿಚಾರಿಸಿದರು. ಸುಷ್ಮಾ ಯಾವುದೋ ಗೈಡ್ ನೋಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿ ಹೋಗಿದ್ದಳು. ಅಲ್ಲಿ ಅವರು ಕನ್ನಡದಲ್ಲೇ, ಬೇರೆ ಥರ ಕೇಳಿದರು. ಗೊತ್ತಿದ್ದದ್ದೂ ನಾಲಿಗೆಗೆ ಬರಲಿಲ್ಲ. ಇಷ್ಟು ಹೇಳಿ ಸುಷ್ಮಾ ಮಗಳ ಜಡೆ ಹೆಣೆಯತೊಡಗಿದಳು.

ಯಾದವಗಿರಿಯ ಇನ್ನೊಂದು ನರ್ಸಿಂಗ್ ಹೋಮಿನಲ್ಲಿ ಮುಂದಿನ ವಾರ ಇಂಟರ್‌ವ್ಯೂ ಇದೆ, ಅದಕ್ಕೆ ಹೋಗಲಿ ಅಂದರು ಅಂಬುಜಮ್ಮ.

"ಒಂದ್ಸಲ ನೋಡಿದ್ದಾಯ್ತಲ್ಲ ಸಿಸ್ಟರ್, ಆಗೋ ಹಾಗಿದ್ರೆ ಆಗಲೇ ಆಗ್ತಿತ್ತು" ಅಂದರು ಶಿವಲಿಂಗಯ್ಯ.

"ಇಂಟರ್‌ವ್ಯೂ ಅಂದ್ರೆ ಲಾಟರಿ ಅಲ್ಲ ಕಣ್ರೀ. ಪರೀಕ್ಷೆಗೆ ಓದ್ಕೊಂಡು ಹೋಗೋ ಹಾಗೆ ಇದಕ್ಕೂ ಅಭ್ಯಾಸ ಮಾಡ್ಕೊಂಡು ಹೋಗ್ಬೇಕು. ಹಾಸ್ಟೆಲಿಗೆ ಹುಡುಗರನ್ನ ಸೇರಿಸ್ಕೊಳ್ಳೋವಾಗ ನೀವು ಕೂತು ಪ್ರಶ್ನೆ ಕೇಳ್ತಿದ್ರಂತಲ್ಲ? ಇಲ್ಲೂ ನೀವೇ ಕೇಳಿ. ನಾನು ಪಕ್ಕದಲ್ಲಿರ್ತೀನಿ."

ಶಿವಲಿಂಗಯ್ಯನವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತು ಎಷ್ಟೋ ಕಾಲವಾಗಿತ್ತು.

ಮರುದಿನದಿಂದ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಇಂಟರ್‌ವ್ಯೂ ಶುರುವಾಯಿತು. ಮಾವ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂರುವರು. ಸುಷ್ಮಾ ಹೊರಗಿನಿಂದ ಬಂದು, ಒಳಗೆ ಬರಬಹುದೇ ಅಂತ ಕೇಳಿ, ನಮಸ್ಕಾರ ಮಾಡಿ, ಕೂರಿ ಅಂದ ಮೇಲೆ ಕೂರುವಳು. ಮೊದಲ ದಿನ ಅವಳು ನೆಲ ನೋಡಿಕೊಂಡೇ ಮಾತಾಡಿದಳು. ಪ್ರಶ್ನೆ ಕೇಳಿದವರ ಮುಖ ನೋಡು, ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳು, ಅದರಲ್ಲಿ ನಾಚಿಕೆ ಏನಿದೆ ಅಂದರು ಅಂಬುಜಮ್ಮ. ಬಾಯಿಪಾಠ ಬಿಟ್ಟು, ವಾರ್ಡಿನಲ್ಲಿ ನಿಂತಿದ್ದೀನಿ, ಎದುರಿಗೆ ರೋಗಿ ಇದ್ದಾರೆ ಅಂದುಕೊಂಡು ಮೊದಲು ಏನು ಮಾಡ್ತೀಯೋ ಅದನ್ನೇ ಹೇಳು ಅಂದರು.

ಹಾಗೆ ಅಂದ ಮೇಲೆ ಸುಷ್ಮಾಳ ಮಾತು ಸಲೀಸಾಯಿತು. ಹಾಸಿಗೆ ಹಿಡಿದ ರೋಗಿಗೆ ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗಲು ಬದಲಾಯಿಸಬೇಕು, ಚರ್ಮ ಒಣಗಿಸಿಡಬೇಕು. ಗಾಲಿಕುರ್ಚಿಗೆ ಕೂರಿಸುವ ಮುಂಚೆ ಗಾಲಿಯ ಬ್ರೇಕ್ ಹಾಕಬೇಕು. ರೋಗಿ ಬಿದ್ದರೆ ಗಾಬರಿಯಲ್ಲಿ ಎಬ್ಬಿಸಬಾರದು. ಅವರ ಹತ್ತಿರವೇ ಇದ್ದು ಸಿಸ್ಟರನ್ನು ಕೂಗಬೇಕು, ಆಗಿದ್ದನ್ನು ಮುಚ್ಚಿಡದೆ ಹೇಳಬೇಕು. ಡಾಕ್ಟರ್ ಬರೆಯದ ಮಾತ್ರೆಯನ್ನು ರೋಗಿ ಎಷ್ಟೇ ಬೇಡಿದರೂ ಕೊಡಬಾರದು.

ಆಮೇಲೆ ಅಂಬುಜಮ್ಮ ಶಿವಲಿಂಗಯ್ಯನವರನ್ನೇ ಮಂಚದ ಮೇಲೆ ಮಲಗಿಸಿ ರೋಗಿ ಮಾಡಿದರು. ತಮ್ಮ ಹಳೆಯ ಬಿ.ಪಿ. ಯಂತ್ರ ಕೊಟ್ಟು, ನೋಡಿ ತೋರಿಸು ಅಂದರು. ಸುಷ್ಮಾ ಬಂದವಳೇ ಮಾವನ ತೋಳು ಹಿಡಿದಳು. ಅವರು ಬೆಚ್ಚಿ ತೋಳು ಎಳೆದುಕೊಂಡರು.

"ನೋಡಿದ್ಯಾ? ಮನೆಯವರೇ ಬೆಚ್ಚಿದ್ರು, ಇನ್ನು ಗುರುತಿಲ್ಲದವರ ಕಥೆ ಏನು? ಮೊದಲು ಕೈ ತೊಳಿ. ಆಮೇಲೆ ನೀನ್ಯಾರು, ಏನ್ ಮಾಡ್ತೀಯ ಅಂತ ಹೇಳು. ಅವರು ಹೂಂ ಅಂದ ಮೇಲೆ ಮುಟ್ಟು."

ಸುಷ್ಮಾ ಕೈ ತೊಳೆದು ಬಂದು, ಹೆಸರು ಹೇಳಿ, ಬಿ.ಪಿ. ನೋಡಲು ಬಂದಿದ್ದೀನಿ, ತೋಳಿಗೆ ಪಟ್ಟಿ ಸುತ್ತಿದಾಗ ಸ್ವಲ್ಪ ಬಿಗಿಯಾಗುತ್ತೆ ಅಂದಳು. ಶಿವಲಿಂಗಯ್ಯನವರು ಹೂಂ ಅಂದರು. ಈ ಸಲ ಆ ಕೈ ಅವರಿಗೆ ಹಿತವಾಗಿ ಕಂಡಿತು.

ಇನ್ನೊಂದು ಸಂಜೆ ಅವರು ಕೆಲಸದ ಅನುಭವ ಎಷ್ಟಿದೆ ಅಂತ ಕೇಳಿದರು. ಸುಷ್ಮಾ ಏನೂ ಇಲ್ಲ, ಮದುವೆಯಾದ ಮೇಲೆ ಮನೆಯಲ್ಲೇ ಇದ್ದೆ ಅಂದಳು. ಅಂಬುಜಮ್ಮ ತಡೆದರು.

"ನಿಮ್ಮತ್ತೆ ಬಸಮ್ಮನವರು ಲಕ್ವ ಹೊಡೆದು ಮಲಗಿದಾಗ ನೋಡ್ಕೊಂಡಿದ್ದು ಯಾರು? ಕೊನೇವರೆಗೂ ಅವರ ಬೆನ್ನಲ್ಲಿ ಒಂದು ಹುಣ್ಣಾಗ್ಲಿಲ್ಲ. ಅದನ್ನ ಹೇಳ್ಬೇಕು ಕಣಮ್ಮ. ಹೆಚ್ಚು ಮಾಡಿ ಹೇಳ್ಬೇಡ, ಇದ್ದಿದ್ದನ್ನ ಹೇಳು."

ಶಿವಲಿಂಗಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಹೆಂಡತಿಯ ಆ ದಿನಗಳು ಕಣ್ಣ ಮುಂದೆ ಬಂದವು. ಸೊಸೆ ಮಾಡುತ್ತಿದ್ದಾಳೆ, ಮಾಡಬೇಕಾದ್ದೇ ಅಂದುಕೊಂಡಿದ್ದರೇ ಹೊರತು ಅದು ಕಲಿತು ಮಾಡಿದ ಕೆಲಸ ಅಂತ ಅವರಿಗೆ ಹೊಳೆದಿರಲಿಲ್ಲ. ಏನಾದರೂ ಕೇಳಬೇಕಲ್ಲ ಅಂತ ಕನ್ನಡಕ ಮತ್ತೆ ಹಾಕಿಕೊಂಡು, ಅಂಬುಜಮ್ಮ ಹೇಳಿಕೊಡದ ಒಂದು ಪ್ರಶ್ನೆ ಕೇಳಿದರು.

"ರಾತ್ರಿ ಪಾಳಿ ಇರುತ್ತೆ. ನಿಮ್ಮ ಮನೆಯವರು ಒಪ್ಪಿದ್ದಾರಾ?"

ಸುಷ್ಮಾ ತಲೆ ಬಗ್ಗಿಸಿದಳು. ಮೂಲೆಯಲ್ಲಿ ಪಾಠ ಓದುತ್ತ ಕೂತಿದ್ದ ಚಂದ್ರಮೌಳಿ ಪುಸ್ತಕ ಮುಚ್ಚಿದ. ಅಂಬುಜಮ್ಮ ಅವಳ ಮುಖವನ್ನೇ ನೋಡಿ, ಮೊನ್ನೆ ಅಲ್ಲೂ ಈ ಪ್ರಶ್ನೆಗೇ ಮಾತು ನಿಂತುಹೋಯಿತಾ ಅಂತ ಮೆಲ್ಲಗೆ ಕೇಳಿದರು.

"ಹೂಂ ಅಮ್ಮ. ಬೇರೆದಕ್ಕೆಲ್ಲ ತಡವರಿಸಿಕೊಂಡು ಏನೋ ಹೇಳ್ದೆ. ಇದನ್ನ ಕೇಳಿದಾಗ, ಒಪ್ಪಿದ್ದಾರೆ ಅಂದ್ರೆ ಸುಳ್ಳಾಗುತ್ತೆ, ಇಲ್ಲ ಅಂದ್ರೆ ಮನೆ ಮಾತು ಹೊರಗೆ ಹೋಗುತ್ತೆ. ಸುಮ್ಮನಿದ್ಬುಟ್ಟೆ. ಸರಿ ಹೋಗಿ ಬನ್ನಿ ಅಂದ್ರು."

ಯಾರೂ ಶಿವಲಿಂಗಯ್ಯನವರ ಕಡೆ ನೋಡಲಿಲ್ಲ. ಆದರೂ ಅವರಿಗೆ ಕೂತ ಕುರ್ಚಿ ಮುಳ್ಳಾಯಿತು. ಆ ಪ್ರಶ್ನೆಗೆ ಉತ್ತರ ಅವಳ ಹತ್ತಿರ ಇರಲಿಲ್ಲ, ತಮ್ಮ ಹತ್ತಿರ ಇತ್ತು. ತಾವು ಅದನ್ನು ಕೊಟ್ಟೇ ಇರಲಿಲ್ಲ. ಎದ್ದು ಶಲ್ಯ ಹೊದ್ದು ಹೊರಗೆ ಹೋದರು.

ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಯಾದವಗಿರಿಗೆ ನಡೆದರು. ಅಗಲವಾದ ನಿಶ್ಶಬ್ದ ರಸ್ತೆಗಳು, ಕಾಂಪೌಂಡಿನೊಳಗೆ ದೊಡ್ಡ ದೊಡ್ಡ ಮನೆಗಳು. ನರ್ಸಿಂಗ್ ಹೋಮಿನ ಗೇಟಿನಲ್ಲಿ ಬೀರಯ್ಯ ಎಂಬ ಕಾವಲುಗಾರ ಕೂತಿದ್ದ. ಹೀಗೆ ಹೀಗೆ, ನಮ್ಮ ಸೊಸೆ ಇಂಟರ್‌ವ್ಯೂಗೆ ಬರ್ತಾಳೆ, ರಾತ್ರಿ ಕೆಲಸ ಹೇಗೆ ಅಂತ ಕೇಳಿದರು. ಬೀರಯ್ಯ ಬಿಡಿಸಿ ಹೇಳಿದ. ರಾತ್ರಿ ಪಾಳಿಯವರು ಕತ್ತಲಾಗುವ ಮುಂಚೆಯೇ ಬಂದುಬಿಡುತ್ತಾರೆ, ಯಾರನ್ನೂ ಒಬ್ಬರನ್ನೇ ಬಿಡುವುದಿಲ್ಲ, ದೊಡ್ಡ ಸಿಸ್ಟರ್ ಸದಾ ಜೊತೆಗಿರುತ್ತಾರೆ, ಒಳಗಡೆ ಚಿಲಕ ಇರುವ ಕೋಣೆ ಇದೆ, ಬೆಳಕು ಹರಿದ ಮೇಲೆಯೇ ಮನೆಗೆ ಹೋಗುವುದು. ತನ್ನ ಅಣ್ಣನ ಮಗಳೂ ಇಲ್ಲೇ ಇದ್ದಾಳೆ ಅಂದ.

ಕಿಟಕಿಯ ಆಚೆ ವಾರ್ಡಿನಲ್ಲಿ ಸುಷ್ಮಾಳ ವಯಸ್ಸಿನ ಒಬ್ಬ ನರ್ಸ್ ಶಿವಲಿಂಗಯ್ಯನವರಷ್ಟೇ ವಯಸ್ಸಾದ ಒಬ್ಬರಿಗೆ ಗಂಜಿ ಕುಡಿಸುತ್ತಿದ್ದಳು. ಮುದುಕರು ಉಪ್ಪು ಕಮ್ಮಿಯಾಗಿದೆ ಅಂತ ಮುಖ ಸಿಂಡರಿಸಿದರು. ಡಾಕ್ಟರು ಇಷ್ಟೇ ಹಾಕಲು ಹೇಳಿದ್ದಾರೆ ಅಂತ ನಗುತ್ತಲೇ ಅವರ ಗಲ್ಲ ಒರೆಸಿ ಇನ್ನೊಂದು ಚಮಚ ಕುಡಿಸಿದಳು ಆ ಹುಡುಗಿ. ಶಿವಲಿಂಗಯ್ಯನವರು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಆ ಸಂಜೆ ಎಲ್ಲರನ್ನೂ ಕೂರಿಸಿದರು. ತಾವು ಕುರ್ಚಿಯಲ್ಲಿ ಕೂರದೆ ಚಾಪೆಯ ಮೇಲೆ ಕೂತರು. ಯಾದವಗಿರಿಗೆ ಹೋಗಿ ಬಂದದ್ದು, ಕಂಡದ್ದು ಎಲ್ಲ ಹೇಳಿದರು.

"ನಾನು ಬಾಯಿ ಬಿಟ್ಟು ಹೇಳ್ದೆ ನಿನ್ನನ್ನ ಇಕ್ಕಟ್ಟಿಗೆ ಸಿಕ್ಕಿಸ್ಬುಟ್ಟೆ ಕಣಮ್ಮ. ಈಗ ಹೇಳ್ತಿದ್ದೀನಿ. ನಮ್ಮನೆಯವರು ಒಪ್ಪಿದ್ದಾರೆ ಅಂತ ಧೈರ್ಯವಾಗಿ ಹೇಳು."

ಬರೀ ಒಪ್ಪಿಗೆಯಿಂದ ಆಗುವುದಿಲ್ಲ, ವ್ಯವಸ್ಥೆಯೂ ಬೇಕು ಅಂದರು ಅಂಬುಜಮ್ಮ. ಹಾಗಾಗಿ ಅದನ್ನೂ ಮಾತಾಡಿಕೊಂಡರು. ರಾತ್ರಿ ಪಾಳಿಯ ದಿನ ಗಗನ ಅಪ್ಪನ ಹತ್ತಿರ ಮಲಗುವುದು. ಬೆಳಿಗ್ಗೆ ನಲ್ಲಿ ನೀರು ಹಿಡಿಯುವುದು, ಮಗುವನ್ನು ಶಾಲೆಗೆ ಬಿಡುವುದು ತಾತನ ಕೆಲಸ. ರಾತ್ರಿಯೆಲ್ಲ ನಿಂತು ದುಡಿದು ಬಂದವಳನ್ನು ಹಗಲು ಮಲಗಲು ಬಿಡಬೇಕು, ಎಬ್ಬಿಸಿ ಕಾಫಿ ಕೇಳಬಾರದು. ಇದನ್ನು ಅಂಬುಜಮ್ಮ ಶಿವಲಿಂಗಯ್ಯನವರ ಕಡೆ ತಿರುಗಿಯೇ ಹೇಳಿದರು. ಚಂದ್ರಮೌಳಿ ತಾನೇ ಕಾಫಿ ಮಾಡಲು ಕಲಿಯುತ್ತೇನೆ ಅಂದ.

ಸುಷ್ಮಾಳ ಕಣ್ಣು ತುಂಬಿತು.

"ಅಳೋದು ಆಮೇಲೆ" ಅಂದರು ಅಂಬುಜಮ್ಮ. "ಬಳಸಿದ ಸೂಜಿ ಕೈಗೆ ಚುಚ್ಚಿದ್ರೆ ಏನ್ ಮಾಡ್ತೀಯ, ಅದನ್ನ ಹೇಳು."

ಸುಷ್ಮಾ ಕಣ್ಣು ಒರೆಸಿಕೊಳ್ಳುತ್ತಲೇ, ಸೋಪು ನೀರಲ್ಲಿ ಚೆನ್ನಾಗಿ ತೊಳೆದು ತಕ್ಷಣ ಸಿಸ್ಟರಿಗೆ ಹೇಳ್ತೀನಿ, ಹೆದರಿ ಮುಚ್ಚಿಡಲ್ಲ ಅಂದಳು. ಎಲ್ಲರಿಗೂ ನಗು ಬಂತು.

ಇಂಟರ್‌ವ್ಯೂ ಹಿಂದಿನ ದಿನವೇ ಸರ್ಟಿಫಿಕೇಟು, ಅದರ ಜೆರಾಕ್ಸ್ ಪ್ರತಿಗಳು, ಫೋಟೋ ಎಲ್ಲ ಒಂದು ಕವರಿನಲ್ಲಿ ಸೇರಿದವು. ಸುಷ್ಮಾ ಉಗುರು ಕತ್ತರಿಸಿಕೊಂಡಳು. ಸಾದಾ ಸೀರೆ ಇಸ್ತ್ರಿ ಮಾಡಿಟ್ಟಳು. ಬಳೆ ಕಮ್ಮಿ ಮಾಡಿದಳು, ಸದ್ದು ಮಾಡದ ಚಪ್ಪಲಿ ಆರಿಸಿಕೊಂಡಳು. ದಾರಿ ಮಾವನಿಗೆ ಗೊತ್ತಿದ್ದರಿಂದ ಹುಡುಕಾಡುವ ಗಾಬರಿಯೂ ಇರಲಿಲ್ಲ. ಹೇಳಿದ ಹೊತ್ತಿಗಿಂತ ಮುಂಚೆಯೇ ಇಬ್ಬರೂ ಹೋಗಿ ತಲುಪಿದರು.

ಅವಳು ಒಳಗೆ ಹೋದ ಮೇಲೆ ಶಿವಲಿಂಗಯ್ಯನವರು ಗೇಟಿನ ಹತ್ತಿರ ಹೊಂಗೆ ಮರದ ನೆರಳಲ್ಲಿ ನಿಂತರು. ಬೀರಯ್ಯ ಸ್ಟೂಲು ಕೊಟ್ಟರೂ ಕೂರಲಾಗಲಿಲ್ಲ. ಮಗ್ಗಲು ಬದಲಾಯಿಸಬೇಕು, ಬ್ರೇಕ್ ಹಾಕಬೇಕು, ಕೈ ತೊಳೆಯಬೇಕು ಅಂತ ತಮ್ಮ ತುಟಿಯೇ ಅಲ್ಲಾಡುತ್ತಿರುವುದು ಗೊತ್ತಾಗಿ ನಾಚಿಕೊಂಡು ಸುಮ್ಮನಾದರು. ಇದೇ ಸೊಸೆಗೆ ಕೆಲಸ ಸಿಗದಿದ್ದರೇ ಒಳ್ಳೆಯದು ಅಂದುಕೊಂಡವರು ಈಗ ಸಿಗಲಪ್ಪ ಅಂತ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿದ್ದರು.

ಸುಷ್ಮಾ ಹೊರಗೆ ಬಂದಾಗ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಉಸ್ಸಪ್ಪಾ ಅಂತ ಸ್ಟೂಲಿನ ಮೇಲೆ ಕುಸಿದು ಕೂತರು.

"ಒಂದನೇ ತಾರೀಖಿನಿಂದ ಬನ್ನಿ ಅಂದ್ರು, ಮಾವ."

ಬರುವ ದಾರಿಯಲ್ಲಿ ಇಬ್ಬರೂ ಕಬ್ಬಿನ ಹಾಲು ಕುಡಿದರು. ಸುಷ್ಮಾ ಒಳಗೆ ನಡೆದದ್ದನ್ನೆಲ್ಲ ಹೇಳಿದಳು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಅತ್ತೆಯ ಆರೈಕೆ ಮಾಡಿದ್ದನ್ನು ಹೇಳಿದಳಂತೆ. ಹೇಗೆ ಸ್ನಾನ ಮಾಡಿಸುತ್ತಿದ್ದಿರಿ, ಹೇಗೆ ತಿನ್ನಿಸುತ್ತಿದ್ದಿರಿ ಅಂತ ಎದುರಿಗೆ ಕೂತಿದ್ದ ಡಾಕ್ಟರಮ್ಮ ಅದರ ಮೇಲೆಯೇ ಬಹಳ ಪ್ರಶ್ನೆ ಕೇಳಿದರಂತೆ. ರಾತ್ರಿ ಪಾಳಿಯ ಮಾತು ಒಂದೇ ಉಸಿರಿನಲ್ಲಿ ಮುಗಿಯಿತು. ಕಷ್ಟವಾದದ್ದು ಬೇರೆ. ಬೆರಳಿಗೆ ಸಿಕ್ಕಿಸುವ ಒಂದು ಹೊಸ ಯಂತ್ರ ತೋರಿಸಿ ಇದೇನು ಅಂದರು. ಅವಳು ಅದನ್ನು ನೋಡಿಯೇ ಇರಲಿಲ್ಲ.

"ಏನ್ ಹೇಳ್ದೆ ಮತ್ತೆ?" ಶಿವಲಿಂಗಯ್ಯನವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನನಗೆ ಗೊತ್ತಿಲ್ಲ, ನಮ್ಮ ತರಬೇತಿಲಿ ಇದು ಇರ್ಲಿಲ್ಲ ಅಂದೆ. ತೋರಿಸ್ಕೊಟ್ರೆ ಕಲೀತೀನಿ, ಕಲಿಯೋವರೆಗೂ ಕೇಳ್ದೆ ಮುಟ್ಟಲ್ಲ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಸರಿ ಅಂದ್ರು."

ಕೊನೆಗೆ ನೀವೇನಾದರೂ ಕೇಳುವುದಿದೆಯಾ ಅಂದಾಗ ಅವಳು ಸುಮ್ಮನೆ ಬರಲಿಲ್ಲ. ವಾರದ ರಜೆ ಯಾವತ್ತು, ಕೆಲಸದ ಆದೇಶ ಬರಹದಲ್ಲಿ ಕೊಡುತ್ತೀರಾ, ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತೀರಾ ಅಂತ ವಿನಯದಿಂದಲೇ ಕೇಳಿ ತಿಳಿದುಕೊಂಡು ಬಂದಿದ್ದಳು.

ಅಕ್ಕ ತಂಗಿಯರೇ, ತರಬೇತಿ ಮುಗಿಸಿದ ಸರ್ಟಿಫಿಕೇಟು ನಿಮ್ಮ ಮನೆಯಲ್ಲೂ ಬಟ್ಟೆಗಳ ಕೆಳಗೆ ಮಲಗಿದ್ದರೆ ಇವತ್ತೇ ಈಚೆಗೆ ತೆಗೆಯಿರಿ. ಗೊತ್ತಿರುವವರೊಬ್ಬರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿಸಿಕೊಳ್ಳಿ, ಬಾಯಿಬಿಟ್ಟು ಉತ್ತರ ಹೇಳಿ ರೂಢಿ ಮಾಡಿಕೊಳ್ಳಿ. ಮನೆಯಲ್ಲಿ ರೋಗಿಯ ಸೇವೆ ಮಾಡಿದ್ದರೆ ಅದೂ ಅನುಭವವೇ, ಹೇಳಲು ಹಿಂಜರಿಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ರೋಗಿಯ ಜೀವ ಕಾಯುವ ಕೆಲಸದಲ್ಲಿ ಅಂಥವರನ್ನೇ ನಂಬುವುದು.

ಇನ್ನು ಮನೆಯ ಹಿರಿಯರೇ, ಗಂಡಂದಿರೇ, ನಿಮಗೂ ಒಂದು ಮಾತು. ನಿಮ್ಮ ಮನೆಯ ಹೆಣ್ಣುಮಗಳು ಇಂಟರ್‌ವ್ಯೂಗೆ ಹೊರಡುವ ಮುಂಚೆ ಒಂದು ಸಂಜೆ ಅವಳ ಜೊತೆ ಕೂತು ಮಾತಾಡಿ. ಅನುಮಾನ ಇದ್ದರೆ ಹೋಗಿ ನೋಡಿಕೊಂಡು ಬನ್ನಿ, ಕೇಳಿ ತಿಳಿದುಕೊಳ್ಳಿ. ಒಪ್ಪಿಗೆ ಇದ್ದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಅವಳು ಹೊಸ್ತಿಲು ದಾಟುವ ಮುಂಚೆ, ಅವಳ ಕಿವಿಗೆ ಬೀಳುವ ಹಾಗೆ ಹೇಳಿ ಕಳಿಸಿ.