ಸದ್ಯಕ್ಕೆ ಕೊಟ್ಟ ಅನುಮತಿ

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಬೀಗದಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನೆಲಮಾಳಿಗೆಯಲ್ಲಿದ್ದ ಸರ್ವರ್ ಅವಳ ಉಸ್ತುವಾರಿ. ಒಂದೇ ಯಂತ್ರ, ಅದರಲ್ಲಿ ಆರು ಕಂಟೇನರ್: ರಕ್ತಪರೀಕ್ಷೆಯ ವಿಭಾಗಕ್ಕೊಂದು, ಗ್ರಂಥಾಲಯಕ್ಕೊಂದು, ಹೀಗೆ. ವಠಾರದ ಮನೆಗಳು ಅನ್ನಿ. ಒಳಗೆ ಅವರವರ ಸಂಸಾರ ಅವರವರಿಗೆ, ತಳಪಾಯ ಮಾತ್ರ ಒಂದೇ. ಒಬ್ಬರು ನೆಲ ಅಗೆದರೆ ಆರೂ ಮನೆ ಬೀಳುತ್ತವೆ. ಅದಕ್ಕೇ ಯಾರಾದರೂ ಬಂದು, "ಮೇಡಂ, ಸ್ವಲ್ಪ ಜಾಸ್ತಿ ಅನುಮತಿ ಕೊಡಿ, ಕೆಲಸ ಆಗ್ತಿಲ್ಲ" ಎಂದು ಗೋಗರೆದರೆ ಅವಳದು ಒಂದೇ ಮಾತು: "ಏನು ಬೇಕೋ ಹೇಳಿ, ಅಷ್ಟನ್ನೇ ಕೊಡ್ತೀನಿ. ಇಡೀ ಯಂತ್ರ ಬರೆದುಕೊಡೋಕೆ ಇದು ನಮ್ಮಪ್ಪನ ಆಸ್ತಿಯಲ್ಲ."

ಊರಿಗೆಲ್ಲ ಹೀಗೆ ಉಪದೇಶ ಮಾಡುವವಳು ಎಡವಿದ್ದು ಎಲ್ಲಿ ಅಂತೀರಾ? ಸ್ವಂತ ಚಿಕ್ಕಪ್ಪನ ವಿಷಯದಲ್ಲಿ.

ಚಿಕ್ಕಪ್ಪನೂ ಅದೇ ಸಂಸ್ಥೆಯವರು. ಬಂದರಿನ ತುದಿಯಲ್ಲೊಂದು ಪುಟ್ಟ ಕೇಂದ್ರ, ಅಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಸಮುದ್ರದ ಉಬ್ಬರವಿಳಿತ ಅಳೆಯುತ್ತಿದ್ದರು. ಎರಡು ವರ್ಷದ ಹಿಂದೆ, ಒಂದು ಶನಿವಾರ, ಅಳತೆಗಳೆಲ್ಲ ತುಂಬಿಟ್ಟಿದ್ದ ಹಳೇ ಡಿಸ್ಕಿನ ಪೆಟ್ಟಿಗೆಯನ್ನು ಹೊತ್ತು ತಂದು ಸರ್ವರ್‌ಗೆ ಕೇಬಲ್ ಸಿಕ್ಕಿಸಿದರು. ಆರರಲ್ಲಿ ಒಂದಾದ ಅವರ ಕಂಟೇನರ್ ಒಳಗಿನಿಂದ ಪೆಟ್ಟಿಗೆ ಕಾಣಲೇ ಇಲ್ಲ. ಆ ಪೆಟ್ಟಿಗೆಯೊಂದಕ್ಕೆ ಮಾತ್ರ ದಾರಿ ಬಿಡುವುದು ಹೇಗೆಂದು ಅವಳಿಗೆ ಗೊತ್ತಿತ್ತು, ಆದರೆ ಅದು ಅರ್ಧ ದಿನದ ಕೆಲಸ. ಮನೆಯಲ್ಲಿ ಚಿಕ್ಕಮ್ಮ ಊಟಕ್ಕೆ ಕಾಯುತ್ತಿದ್ದರು. ಸದ್ಯಕ್ಕೆ ಇರಲಿ ಎಂದು ಕಂಟೇನರ್ ನಡೆಸುವ ಆದೇಶದಲ್ಲಿ ಒಂದೇ ಒಂದು ಪದ ಸೇರಿಸಿ ಇಡೀ ಯಂತ್ರದ ಯಜಮಾನಿಕೆಯನ್ನೇ ಆ ಕಂಟೇನರ್‌ಗೆ ಕೊಟ್ಟುಬಿಟ್ಟಳು. ಪೆಟ್ಟಿಗೆ ಕಾಣಿಸಿತು. ಚಿಕ್ಕಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಸೋಮವಾರ ಬಂದು ಸರಿಮಾಡಿದರಾಯಿತು ಅಂದುಕೊಂಡಳು. ಎಲ್ಲಿಯ ಸೋಮವಾರ! ನೂರು ಸೋಮವಾರ ಕಳೆದುಹೋದವು.

ಈಗ ಆ ಕೇಂದ್ರ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ನಾಳೆ ಹತ್ತು ಗಂಟೆಗೆ ಸಮಿತಿ ಸೇರುವುದಿತ್ತು. ಉಪಗ್ರಹಗಳೇ ಎಲ್ಲ ನೋಡುತ್ತವಲ್ಲ, ಕಡಲ ತಡಿಯಲ್ಲಿ ಒಬ್ಬ ಮುದುಕ ಕೋಲು ನೆಟ್ಟುಕೊಂಡು ಕೂರುವುದು ಯಾಕೆ ಅನ್ನುವುದು ಅವರ ವಾದ. ಉಪಗ್ರಹಕ್ಕೆ ಕಾಣದ ಒಂದು ಏರಿಕೆ ನನ್ನ ಅಳತೆಯಲ್ಲಿದೆ, ಲೆಕ್ಕ ಮಾಡಿ ತೋರಿಸ್ತೀನಿ ಅನ್ನುವುದು ಚಿಕ್ಕಪ್ಪನ ಹಟ. ಇಪ್ಪತ್ತೆರಡು ವರ್ಷದ ಅಳತೆಯ ಲೆಕ್ಕ ಹದಿನೈದು ದಿನದಿಂದ ಸರ್ವರ್‌ನಲ್ಲಿ ಓಡುತ್ತಿತ್ತು. ಇವತ್ತು ಸಂಜೆ ಆರಕ್ಕೆ ಮುಗಿಯಬೇಕು.

ಬೆಳಗ್ಗೆ ಹನ್ನೊಂದಕ್ಕೆ ರಕ್ತಪರೀಕ್ಷೆಯ ವಿಭಾಗದಿಂದ ಫೋನ್ ಬಂತು. ರೋಗಿಗಳ ವರದಿಗಳು ತೆರೆಯುತ್ತಿಲ್ಲವಂತೆ. ಅವಳು ಸರ್ವರ್ ಒಳಗೆ ಇಣುಕಿದಳು. ಯಾರೋ ಒಳಗೆ ನುಗ್ಗಿದ್ದಾರೆ. ವರದಿಗಳನ್ನು ಒಂದೊಂದಾಗಿ ತೆರೆದು, ಯಾರಿಗೂ ಓದಲಾಗದ ಹಾಗೆ ಗುಪ್ತಲಿಪಿಗೆ ತಿರುಗಿಸುತ್ತಿದ್ದಾರೆ. ಬ್ಯಾಕಪ್ ಡಿಸ್ಕ್ ಕೂಡ ಅದೇ ಯಂತ್ರಕ್ಕೆ ಸಿಕ್ಕಿಸಿತ್ತು, ಅದನ್ನು ಮೊದಲೇ ನುಂಗಿ ನೀರು ಕುಡಿದಾಗಿತ್ತು. ದೋಣಿಯವರಿಗೆಂದು ಚಿಕ್ಕಪ್ಪನ ಕಂಟೇನರ್‌ನಲ್ಲಿ ಉಬ್ಬರದ ವೇಳಾಪಟ್ಟಿಯ ವೆಬ್ ಪುಟವೊಂದಿತ್ತು. ಅದರ ಹಳೇ ಬಿರುಕಿನಿಂದ ಕಳ್ಳ ಒಳಗೆ ಬಂದಿದ್ದ. ಬಂದವನು ಅಲ್ಲೇ ಇರಬೇಕಿತ್ತು, ಕಂಟೇನರ್ ಇರುವುದೇ ಅದಕ್ಕೆ. ಆದರೆ ಅವಳೇ ಕೈಯಾರೆ ಕೊಟ್ಟ ಯಜಮಾನಿಕೆ ಹಿಡಿದು ಸೀದಾ ತಳಪಾಯಕ್ಕೇ ಇಳಿದಿದ್ದ.

ನೆಟ್‌ವರ್ಕ್ ಕೇಬಲ್ ಕಿತ್ತಳು. ಕಳ್ಳನ ಪ್ರೋಗ್ರಾಂ ನಿಲ್ಲಲಿಲ್ಲ. ಕೊಂದಳು, ಮತ್ತೆ ಎದ್ದಿತು. ಮತ್ತೆ ಕೊಂದಳು, ಮತ್ತೆ ಎದ್ದಿತು. ಯಂತ್ರದ ಬುಡದಲ್ಲೇ ಬೇರುಬಿಟ್ಟಿದ್ದನ್ನು ಮೇಲಿನಿಂದ ಚಿವುಟಿದರೆ ಏನಾದೀತು? ಇನ್ನು ಉಳಿದದ್ದು ಒಂದೇ, ಇಡೀ ಯಂತ್ರದ ವಿದ್ಯುತ್ ತೆಗೆಯುವುದು. ಹಾಗೆ ತೆಗೆದರೆ ಚಿಕ್ಕಪ್ಪನ ಹದಿನೈದು ದಿನ ನೀರುಪಾಲು.

ಆ ಲೆಕ್ಕ ಎಷ್ಟಾಗಿದೆ ಎಂದು ನೋಡುತ್ತ ಕೂತಿದ್ದಾಗಲೇ ಬಾಗಿಲು ತಳ್ಳಿಕೊಂಡು ಚಿಕ್ಕಪ್ಪ ಬಂದರು.

"ಎಷ್ಟಾಯ್ತು ಕಣೇ? ತೊಂಬತ್ತೇಳು ಪರ್ಸೆಂಟ್ ದಾಟಿತಾ?"

"ಚಿಕ್ಕಪ್ಪ, ನಿಮ್ಮ ಲೆಕ್ಕ ಮಧ್ಯೆ ಎಲ್ಲಾದರೂ ಬರೆದಿಡತ್ತಾ?"

"ಇಲ್ಲಮ್ಮ, ಕೊನೇಲಿ ಒಂದೇ ಸಲ. ಯಾಕೆ? ಮುಖ ಯಾಕೆ ಹರಳೆಣ್ಣೆ ಕುಡಿದವಳ ಹಾಗಿದೆ?"

ಅವಳು ಎಲ್ಲ ಹೇಳಿದಳು. ಹೇಳುತ್ತಲೇ ಬೆರಳು ಓಡಿಸುತ್ತಿದ್ದಳು. ಓಡುತ್ತಿರುವ ಕಂಟೇನರನ್ನು ಇದ್ದ ಹಾಗೇ ನಿಲ್ಲಿಸಿ, ಅದರ ನೆನಪನ್ನೆಲ್ಲ ಎತ್ತಿ ಬೇರೆ ಡಿಸ್ಕ್‌ಗೆ ಇಡುವ ಉಪಾಯವೊಂದಿದೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಬಂದ ಉತ್ತರವನ್ನು ನಿಧಾನವಾಗಿ ಓದಿದಳು: ಹೊರಗಿನ ಪೆಟ್ಟಿಗೆಯನ್ನು ನೇರವಾಗಿ ಹಿಡಿದುಕೊಂಡ ಕಂಟೇನರನ್ನು ಹಾಗೆ ಎತ್ತಲಾಗದು. ಅಷ್ಟರಲ್ಲಿ ರಕ್ತಪರೀಕ್ಷೆಯ ಇನ್ನೂ ನಾಲ್ಕು ತಿಂಗಳ ವರದಿಗಳು ಹೋಗಿದ್ದವು. ಆ ನಾಲ್ಕು ತಿಂಗಳಲ್ಲಿ ಯಾರ್‍ಯಾರ ಮಕ್ಕಳ, ಯಾರ್‍ಯಾರ ತಾಯಂದಿರ ರಕ್ತ ಇತ್ತೋ!

"ಇನ್ನೇನೂ ದಾರಿ ಇಲ್ವಾ?" ಎಂದರು ಚಿಕ್ಕಪ್ಪ.

"ಇಲ್ಲ."

ಅವರು ಪರದೆಯ ಮೇಲಿನ ಸಂಖ್ಯೆಯನ್ನು ನೋಡಿದರು. ತೊಂಬತ್ತೇಳೂವರೆ. "ಹಾಗಾದರೆ ಅದನ್ನ ನೋಡ್ತಾ ಯಾಕೆ ಕೂತಿದ್ದೀ? ತೆಗಿ," ಎಂದರು. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಪರದೆಗೆ ಬೆನ್ನು ಹಾಕಿ ನಿಂತರು. ಅವಳು ಯಂತ್ರದ ಹಿಂದೆ ಹೋಗಿ ದಪ್ಪ ವೈರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಫ್ಯಾನುಗಳ ಸದ್ದು ನಿಧಾನವಾಗಿ ಇಳಿದು ನಿಂತಿತು.

ಐದು ನಿಮಿಷಕ್ಕೆ ನಿರ್ದೇಶಕರ ಫೋನ್. ಅವಳು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಚಿಕ್ಕಪ್ಪನ ಕಂಟೇನರ್‌ಗೆ ಸಿಕ್ಕಿದ್ದ ಅನುಮತಿ ಹಿಡಿದು ಕಳ್ಳ ಇಳಿದದ್ದನ್ನು, ಲೆಕ್ಕ ಹಾಳಾದದ್ದನ್ನು ಹೇಳಿದಳು, ಆ ಅನುಮತಿ ಕೊಟ್ಟವರು ಯಾರೆಂಬುದೊಂದನ್ನು ಬಿಟ್ಟು.

"ಬೈಯೋದು ಆಮೇಲೆ," ಎಂದರು ಅವರು. "ಒಂದು ಮಾತು ಈಗಲೇ ಗೊತ್ತಾಗಬೇಕು. ನಾಳೆ ಸಮಿತಿ ಇದೆ. ತಪ್ಪು ಸರ್ವರ್ ವಿಭಾಗದ್ದಾದರೆ, ನಮ್ಮ ಯಂತ್ರದಿಂದ ಲೆಕ್ಕ ಹಾಳಾಯ್ತು ಅಂತ ಹೇಳಿ ಹದಿನೈದು ದಿನ ಕೇಳಬಹುದು, ಕೊಡ್ತಾರೆ. ಆದರೆ ಅನುಮತಿ ಕೊಟ್ಟವರು ಇವತ್ತೇ ಮನೆಗೆ ಹೋಗಬೇಕಾಗತ್ತೆ. ಬಳಕೆದಾರರೇ ಮಾಡಿಕೊಂಡಿದ್ದಾದರೆ ಒಂದು ದಿನವೂ ಸಿಗಲ್ಲ. ಯಾರು ಕೊಟ್ಟಿದ್ದು ಮೇಡಂ?"

ನಾನು ಅನ್ನಬೇಕು. ಎರಡಕ್ಷರ, ಅಷ್ಟೇ. ಹದಿನೈದು ದಿನ ಸಿಗುತ್ತದೆ, ಕೇಂದ್ರ ಉಳಿಯುತ್ತದೆ. ಆದರೆ ಬಾಯಿ ತೆರೆಯುವ ಮುಂಚೆ ಮನೆಯಲ್ಲಿ ಎಂಟು ತಿಂಗಳಿಂದ ಕೆಲಸವಿಲ್ಲದೆ ಕೂತ ಗಂಡ ಕಣ್ಣಮುಂದೆ ಬಂದ, ಮಗಳು ಬಂದಳು, ಎರಡಕ್ಷರ ಬಾಯೊಳಗೇ ಉಳಿಯಿತು.

"ನಾನೇ ಸರ್," ಎಂದರು ಚಿಕ್ಕಪ್ಪ, ಫೋನಿನ ಕಡೆ ಬಗ್ಗಿ. "ಅವಳು ಪಾಸ್‌ವರ್ಡ್ ಹೊಡೆಯೋದನ್ನ ನೋಡ್ಕೊಂಡಿದ್ದೆ. ಅವಳು ಊಟಕ್ಕೆ ಹೋದಾಗ ನಾನೇ ಕೂತು ಬರೆದೆ. ಅವಳಿಗೆ ಗೊತ್ತೇ ಇಲ್ಲ."

ಅವಳು ತಲೆಯೆತ್ತಿ ನೋಡಿದಳು. ಅವರು ಸುಮ್ಮನಿರು ಎಂಬಂತೆ ಅಂಗೈ ತೋರಿಸಿದರು.

ನಿರ್ದೇಶಕರು ದನಿ ತಗ್ಗಿಸಿದರು. "ನಿಮ್ಮ ಕೇಂದ್ರ ಹೋಗತ್ತೆ, ಗೊತ್ತಲ್ಲ?"

"ಗೊತ್ತು ಸರ್."

"ಮೇಡಂ, ಇವರು ಹೇಳ್ತಿರೋದು ನಿಜಾನಾ?"

ಚಿಕ್ಕಪ್ಪ ಫೋನನ್ನೇ ನೋಡುತ್ತಿದ್ದರು, ಅವಳನ್ನಲ್ಲ. ಇಲ್ಲ ಅನ್ನು, ಇಲ್ಲ ಅನ್ನು ಎಂದು ಒಳಗೊಂದು ದನಿ ಅವಳನ್ನು ಹಿಡಿದು ಅಲ್ಲಾಡಿಸಿತು.

"ಹೌದು ಸರ್," ಎಂದಳು. ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ಕೇಳಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.